ವೋಲ್ಟೇಜಿನ ಕ್ಷಣಿಕ ಕುಸಿತಕ್ಕೂ ಲೆಕ್ಕವಿರಲಿ

ನಮ್ಮ ನಾಡಿನಲ್ಲಿ ವಿದ್ಯುತ್ತಿನ ವಿಚಾರವಾಗಿ ನಡೆಯುವ ಸಾರ್ವಜನಿಕ ಚರ್ಚೆಯು ಬಹುಕಾಲದಿಂದ ಎರಡೇ ಪ್ರಶ್ನೆಗಳ ಸುತ್ತ ನಡೆದುಬಂದಿದೆ: ಕರೆಂಟು ದಿನಕ್ಕೆ ಎಷ್ಟು ಗಂಟೆ ಇರುತ್ತದೆ, ಮತ್ತು ಯೂನಿಟ್ಟಿಗೆ ತೆರಬೇಕಾದ ದರ ಎಷ್ಟು. ಎರಡೂ ನ್ಯಾಯವಾದ ಪ್ರಶ್ನೆಗಳೇ; ಬೇಸಗೆಯ ನಡುವೆ ತ್ರೀ ಫೇಸ್ ಕರೆಂಟಿಗಾಗಿ ಸರಿರಾತ್ರಿಯವರೆಗೆ ಕಾದು ಕುಳಿತ ರೈತನಿಗೂ, ತಿಂಗಳ ಬಿಲ್ಲನ್ನು ಕೈಯಲ್ಲಿ ಹಿಡಿದು ನಿಂತ ಗೃಹಸ್ಥನಿಗೂ ಇವುಗಳಿಗಿಂತ ಮಿಗಿಲಾದ ಪ್ರಶ್ನೆ ತೋರದಿರುವುದು ಸಹಜ. ಆದರೆ ಕರೆಂಟು ಹೋಗದೆ ಇರುವಾಗಲೂ, ಫ್ಯಾನು ನಿಲ್ಲದೆ, ದೀಪವಾರದೆ, ಯಾರ ಗಮನಕ್ಕೂ ಬಾರದೆ, ಸೆಕೆಂಡಿನ ಒಂದು ಅಲ್ಪಾಂಶದಷ್ಟು ಕಾಲ ಅದರ ವೋಲ್ಟೇಜು ಥಟ್ಟನೆ ಕೆಳಕ್ಕೆ ಕುಸಿದು ಮರಳಿ ಮೇಲೇಳುವುದುಂಟೆಂಬುದನ್ನೂ, ಇಂದಿನ ಯಂತ್ರೋಪಕರಣಗಳಲ್ಲಿ ಅತ್ಯಂತ ಬೆಲೆಯುಳ್ಳವೂ ಅತ್ಯಂತ ಅವಶ್ಯಕವಾದುವೂ ಆದ ಹಲವು ಪದೇಪದೇ ಒದಗುವ ಈ ಕುಸಿತದಿಂದಲೇ ಕೆಡುತ್ತಿರುವುವೆಂಬುದನ್ನೂ ನಾವು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲ. ಕರೆಂಟು ಹೋದ ನಿಮಿಷಗಳನ್ನು ವಿದ್ಯುತ್ ಸರಬರಾಜು ಕಂಪನಿಗಳು ಎಣಿಸುತ್ತವೆ. ಕರೆಂಟು ಕುಸಿದ ಕ್ಷಣಗಳನ್ನು ಎಣಿಸುವವರಿಲ್ಲ. ಅವನ್ನೂ ಎಣಿಸತಕ್ಕದ್ದು, ಎಣಿಸಿ ಪ್ರಕಟಿಸತಕ್ಕದ್ದು ಎಂಬುದೇ ಈ ಲೇಖನದ ವಾದ.

ಎಂಜಿನಿಯರುಗಳು ಇದಕ್ಕೆ ವೋಲ್ಟೇಜ್ ಡಿಪ್ ಎಂದೂ ಸ್ಯಾಗ್ ಎಂದೂ ಹೇಳುತ್ತಾರೆ. ಮನೆಗೆ ಬರುವ ವಿದ್ಯುತ್ತಿನ ವೋಲ್ಟೇಜು 230 ಎಂದಿಟ್ಟುಕೊಂಡರೆ, ಅದು ತನ್ನ ಪ್ರಮಾಣದ ಶೇಕಡಾ 90ಕ್ಕೂ ಶೇಕಡಾ 10ಕ್ಕೂ ನಡುವಣ ಯಾವುದಾದರೊಂದು ಮಟ್ಟಕ್ಕೆ ಇಳಿದು, ಅರ್ಧ ಆವರ್ತದಿಂದ ಒಂದು ನಿಮಿಷದವರೆಗಿನ ಯಾವುದಾದರೊಂದು ಅವಧಿಯಲ್ಲಿ ಚೇತರಿಸಿಕೊಂಡರೆ ಅದು ಕುಸಿತವೆನಿಸುತ್ತದೆ. ಅದಕ್ಕೂ ಕೆಳಗಿಳಿದರೆ ಕಡಿತ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದಾದುದರಿಂದ ಒಂದು ಆವರ್ತಕ್ಕೆ ಹಿಡಿಯುವ ಕಾಲ 20 ಮಿಲಿಸೆಕೆಂಡು ಮಾತ್ರ. ಬಹುಪಾಲು ಕುಸಿತಗಳು ಐದಾರು ಆವರ್ತಗಳಿಂದ ಮೊದಲ್ಗೊಂಡು ಒಂದು ಸೆಕೆಂಡಿನ ಒಳಗೆ ಮುಗಿದುಹೋಗುತ್ತವೆ. ಸಂಜೆಯ ಹೊತ್ತಿನಲ್ಲಿ ಗಂಟೆಗಟ್ಟಲೆ ವೋಲ್ಟೇಜು 180ರ ಮಟ್ಟದಲ್ಲಿಯೇ ನಿಂತಿರುವ ಹಳ್ಳಿಯ ಬಾಧೆ ಇದರಿಂದ ಭಿನ್ನವಾದದ್ದು. ಆದರೆ ಆ ಬಾಧೆಯಿರುವಲ್ಲಿ ಈ ಕುಸಿತವು ಬಂದು ಸೇರಿದರೆ ಅದರ ತೀವ್ರತೆ ಇಮ್ಮಡಿಯಾಗುವುದೆಂಬುದನ್ನು ಮುಂದೆ ನೋಡಲಿದ್ದೇವೆ.

ಕುಸಿತವು ಹುಟ್ಟುವ ಬಗೆಯನ್ನು ತಿಳಿದರೆ, ಅದು ಲೆಕ್ಕಕ್ಕೆ ಸಿಕ್ಕದೆ ಹೋಗುವ ಕಾರಣವೂ ತಾನಾಗಿಯೇ ತಿಳಿಯುತ್ತದೆ. ಒಂದು ಸಬ್‌ಸ್ಟೇಷನ್ನಿನಿಂದ 11 ಕಿಲೋವೋಲ್ಟಿನ ಹಲವು ಫೀಡರುಗಳು ನಾನಾ ದಿಕ್ಕಿಗೆ ಹೊರಡುತ್ತವೆ. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವದ ಬಿರುಗಾಳಿಯಲ್ಲಿ ಬೆಂಗಳೂರಿನ ಯಾವುದೋ ಬಡಾವಣೆಯ ಗುಲ್‌ಮೊಹರ್ ಮರದ ಕೊಂಬೆಯೊಂದು, ಅಥವಾ ಆಷಾಢದ ಮಳೆಯಲ್ಲಿ ಮಲೆನಾಡಿನ ತೋಟದ ಅಡಕೆಸೋಗೆಯೊಂದು, ಈ ಫೀಡರುಗಳಲ್ಲಿ ಒಂದರ ತಂತಿಗಳ ಮೇಲೆ ಬಿದ್ದಿತೆನ್ನಿ. ಕಾಲುವೆಯ ಒಂದು ತೂಬಿನ ಬಳಿ ಏರಿ ಒಡೆದಾಗ ನೀರೆಲ್ಲವೂ ಆ ಒಡಕಿನತ್ತ ನುಗ್ಗಿ, ಅದೇ ಕಾಲುವೆಯನ್ನು ನಂಬಿದ ಉಳಿದ ಗದ್ದೆಗಳ ತೂಬುಗಳಲ್ಲಿಯೂ ನೀರಿನ ಮಟ್ಟವು ತಗ್ಗುವಂತೆ, ದೋಷವುಂಟಾದ ಫೀಡರಿನತ್ತ ಅಪಾರವಾದ ವಿದ್ಯುತ್ತು ಹರಿದು ಸ್ಟೇಷನ್ನಿನ ವೋಲ್ಟೇಜೇ ಕುಸಿಯುತ್ತದೆ. ದೋಷದ ಸ್ಥಳವು ಸ್ಟೇಷನ್ನಿಗೆ ಹತ್ತಿರವಾದಷ್ಟೂ ಕುಸಿತದ ಆಳ ಹೆಚ್ಚು. ರಿಲೇ ದೋಷವನ್ನು ಗ್ರಹಿಸಿ ಬ್ರೇಕರನ್ನು ತೆರೆಯುವವರೆಗೂ ಇದೇ ಸ್ಥಿತಿ. ಮೇಲ್ಮಟ್ಟದ 220 ಅಥವಾ 400 ಕಿಲೋವೋಲ್ಟಿನ ಮಾರ್ಗಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 100 ಮಿಲಿಸೆಕೆಂಡಿನಷ್ಟು ಸಾಕಾದರೆ, 11 ಕಿಲೋವೋಲ್ಟಿನ ಮಾರ್ಗಗಳಲ್ಲಿ ಅದಕ್ಕೆ ಹಲವು ಪಟ್ಟು ಹಿಡಿಯುವುದುಂಟು.

ಬ್ರೇಕರು ತೆರೆದೊಡನೆ ದೋಷವಿದ್ದ ಫೀಡರಿನವರಿಗೆ ಕರೆಂಟು ಹೋಯಿತು. ಅವರು ಫೋನು ಮಾಡಿ ದೂರು ಕೊಟ್ಟರು. ಆ ಕಡಿತವು ದಾಖಲೆಗೆ ಸೇರಿತು. ಉಳಿದ ಎಂಟು ಹತ್ತು ಫೀಡರಿನವರಿಗೆ ಕರೆಂಟು ಹೋಗಲಿಲ್ಲ. ಅವರು ಅನುಭವಿಸಿದ್ದು ಕುಸಿತವನ್ನು ಮಾತ್ರ. ಹೀಗೆ ಕಡಿತಕ್ಕೆ ಒಳಗಾದವರಿಗಿಂತ ಕುಸಿತಕ್ಕೆ ಒಳಗಾದವರ ಸಂಖ್ಯೆ ಯಾವಾಗಲೂ ಹಲವು ಪಟ್ಟು ದೊಡ್ಡದು. ಆದರೂ ದಾಖಲೆಯಲ್ಲಿ ಅವರ ಪಾಲಿಗೆ ಆ ದಿನ ಏನೂ ನಡೆದಿಲ್ಲ. ಸಾಲದುದಕ್ಕೆ, ದೋಷವು ತಾತ್ಕಾಲಿಕವೋ ಸ್ಥಿರವೋ ಎಂಬುದನ್ನು ತಿಳಿಯಲು ಬ್ರೇಕರನ್ನು ಸ್ವಯಂಚಾಲಿತವಾಗಿಯೋ ಕೈಯಿಂದಲೋ ಮತ್ತೆ ಹಾಕಿನೋಡುತ್ತಾರೆ. ಕೊಂಬೆ ಇನ್ನೂ ತಂತಿಯ ಮೇಲೆಯೇ ಇದ್ದರೆ ಅದೇ ಕುಸಿತವು ಎರಡನೆಯ ಸಲ ಒದಗುತ್ತದೆ, ಕೆಲವೊಮ್ಮೆ ಮೂರನೆಯ ಸಲವೂ ಒದಗುತ್ತದೆ. ಈ ಮರುಕಳಿಕೆಯೇ ಉಪಕರಣಗಳಿಗೆ ಅತ್ಯಂತ ಘಾತಕವಾದದ್ದು.

ಗಾಳಿ ಮಳೆಗಳ ಸಂಬಂಧವೇ ಇಲ್ಲದೆ, ನಮ್ಮ ಬಳಕೆಯ ಕ್ರಮದಿಂದಲೇ ಹುಟ್ಟುವ ಕುಸಿತಗಳೂ ಇವೆ. ಬಯಲುಸೀಮೆಯ ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುವುದೆಂಬ ನೆಚ್ಚಿಕೆಯಿಲ್ಲದ ಕಾರಣ ರೈತರು ಪಂಪ್‌ಸೆಟ್ಟುಗಳಿಗೆ ಆಟೋ ಸ್ಟಾರ್ಟರುಗಳನ್ನು ಹಾಕಿಸಿಕೊಂಡಿದ್ದಾರೆ. ಹಾಗೆ ಮಾಡಿದ್ದಕ್ಕಾಗಿ ಅವರನ್ನು ದೂರುವಂತಿಲ್ಲ. ರಾತ್ರಿ ಎರಡು ಗಂಟೆಗೆ ಹಾವು ಚೇಳುಗಳ ನಡುವೆ ತೋಟಕ್ಕೆ ನಡೆದುಹೋಗಿ ಗುಂಡಿಯೊತ್ತುವ ಕಷ್ಟವನ್ನು ಪಟ್ಟವರಿಗೆ ಅದರ ಬೆಲೆ ಗೊತ್ತು. ಆದರೆ ಅದರ ಪರಿಣಾಮವನ್ನು ಗಣಿಸಿ ನೋಡೋಣ. 63 ಕೆವಿಎ ಸಾಮರ್ಥ್ಯದ ಒಂದು ಟ್ರಾನ್ಸ್‌ಫಾರ್ಮರಿಗೆ, ಎಂದರೆ ಟಿ.ಸಿ.ಗೆ, 5 ಅಶ್ವಶಕ್ತಿಯ ಹತ್ತು ಪಂಪುಗಳು ಸೇರಿವೆಯೆನ್ನಿ. ಪ್ರತಿಯೊಂದೂ ಓಡುತ್ತಿರುವಾಗ ಎಳೆಯುವ ವಿದ್ಯುತ್ತು ಸುಮಾರು ಏಳೂವರೆ ಆಂಪಿಯರು. ಹೊರಡುವಾಗ ಅದರ ಆರು ಪಟ್ಟು, ಎಂದರೆ 45 ಆಂಪಿಯರು. ಕರೆಂಟು ಬಂದೊಡನೆ ಹತ್ತೂ ಒಟ್ಟಿಗೆ ಹೊರಟರೆ ಅವುಗಳ ಬೇಡಿಕೆ 450 ಆಂಪಿಯರಿನಷ್ಟಾಗುತ್ತದೆ, ಟಿ.ಸಿ.ಯ ಯೋಗ್ಯತೆಯಾದರೋ 84 ಆಂಪಿಯರು. ಟಿ.ಸಿ.ಯ ಒಳಗಡೆಯೇ ಸುಮಾರು ಐದನೆಯ ಒಂದು ಪಾಲಿನಷ್ಟು ವೋಲ್ಟೇಜು ಕರಗಿಹೋಗುತ್ತದೆ. ತಂತಿಯಲ್ಲಿ ಕರಗುವುದು ಇದಕ್ಕೆ ಮೇಲಾಗಿ. ಅದೇ ಮಾರ್ಗದಲ್ಲಿ ಹಾಲಿನ ಡೇರಿಯೊಂದಿದ್ದರೆ, ಅಥವಾ ಆರೋಗ್ಯ ಕೇಂದ್ರವಿದ್ದರೆ, ಅವುಗಳ ಯಂತ್ರಗಳ ಗತಿ ಏನಾಗಬೇಕು? ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆಬೇರೆ ಫೀಡರುಗಳನ್ನು ಕಲ್ಪಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಈ ಬಾಧೆ ಅನೇಕ ಕಡೆ ತಗ್ಗಿದೆಯೆಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು; ಆದರೂ ಫೀಡರುಗಳು ಬೇರೆಯಾದರೂ ಸ್ಟೇಷನ್ನು ಒಂದೇ.

ಹಿಂದಿನವರಿಗೆ ಈ ಚಿಂತೆ ಇರಲಿಲ್ಲವೆ ಎಂದು ಕೇಳಬಹುದು. ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದಾಗ, ಅಷ್ಟು ದೀರ್ಘವಾದ ಮಾರ್ಗವು ಜಗತ್ತಿನಲ್ಲಿಯೇ ಅಪರೂಪವಾಗಿತ್ತು. ಸಿಡಿಲು ಮಳೆಗಳ ಉಪದ್ರವ ಆ ಮಾರ್ಗಕ್ಕೂ ಇದ್ದೇ ಇತ್ತು. ಆದರೆ ಆ ತಂತಿಯ ತುದಿಯಲ್ಲಿ ಇದ್ದುವು ದೊಡ್ಡ ದೊಡ್ಡ ಮೋಟಾರುಗಳು. ತಿರುಗುವ ಭಾರವಾದ ಕಬ್ಬಿಣದ ಜಡತ್ವವೇ ಕ್ಷಣಕಾಲದ ಕುಸಿತವನ್ನು ದಾಟಿಸಿಬಿಡುತ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದ ವಿದ್ಯುದ್ದೀಪಗಳು ಕುಸಿತದ ಕಾಲದಲ್ಲಿ ಮಂಕಾಗಿ ಮತ್ತೆ ಬೆಳಗುತ್ತಿದ್ದುವೇ ಹೊರತು ಅವುಗಳಿಗೆ ಬೇರೆ ಹಾನಿಯಿರಲಿಲ್ಲ. ತಂತುವಿನ ಬಲ್ಬಿನ ಗುಣವೇ ಅಂತಹುದು: ವೋಲ್ಟೇಜು ಶೇಕಡಾ 10ರಷ್ಟು ಇಳಿದರೆ ಅದರ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ಅದರಿಂದಾಗಿ ಮನೆಯ ಹಿರಿಯರಿಗೆ, ಓದುತ್ತ ಕುಳಿತ ಹುಡುಗರಿಗೆ, ಎಲ್ಲರಿಗೂ ಕುಸಿತವು ಕಣ್ಣಿಗೆ ಕಾಣುತ್ತಿತ್ತು. ಇಂದು ಮನೆಮನೆಗೂ ಬಂದಿರುವ ಎಲ್‌ಇಡಿ ದೀಪವು ತನ್ನೊಳಗಿನ ಚಿಕ್ಕ ಮಂಡಲದ ನೆರವಿನಿಂದ ವೋಲ್ಟೇಜು ಎಷ್ಟೇ ಏರಿಳಿದರೂ ಒಂದೇ ಸಮನಾಗಿ ಬೆಳಗುತ್ತದೆ. ಇದು ದೊಡ್ಡ ಉಪಕಾರವೇ. ಆದರೆ ಇದರೊಡನೆ ಕುಸಿತಕ್ಕಿದ್ದ ಏಕಮಾತ್ರ ಸಾಕ್ಷಿಯೂ ಇಲ್ಲವಾಯಿತು. ಕುಸಿತವನ್ನು ಸಹಿಸಲಾರದ ಉಪಕರಣಗಳು ಮನೆಯಲ್ಲಿ ಹೆಚ್ಚುತ್ತ ಬಂದ ಕಾಲದಲ್ಲಿಯೇ ಕುಸಿತವು ಕಣ್ಣಿಗೆ ಮರೆಯಾಯಿತು.

ಇನ್ನು ಆ ಉಪಕರಣಗಳ ಅಂತರಂಗವನ್ನು ನೋಡೋಣ. ಟಿ.ವಿ., ಕಂಪ್ಯೂಟರು, ರೂಟರು, ಡೇರಿಯಲ್ಲಿ ಹಾಲಿನ ಕೊಬ್ಬನ್ನಳೆಯುವ ಯಂತ್ರ, ಆಸ್ಪತ್ರೆಯ ಮಾನಿಟರು, ಇವೆಲ್ಲದರ ಹೃದಯಭಾಗದಲ್ಲಿ ಎಸ್‌ಎಂಪಿಎಸ್ ಎಂಬ ಒಂದು ಪವರ್ ಸಪ್ಲೈ ಇರುತ್ತದೆ. ಅದು ಬಂದ ಪರ್ಯಾಯ ವಿದ್ಯುತ್ತನ್ನು ಏಕಮುಖವಾಗಿ ಮಾಡಿ, ಸುಮಾರು 325 ವೋಲ್ಟಿನವರೆಗೆ ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬಿಟ್ಟು, ಅಲ್ಲಿಂದ ಬೇಕಾದಷ್ಟನ್ನು ತೆಗೆದುಕೊಡುತ್ತದೆ. ಹೊರಗಿನ ವೋಲ್ಟೇಜು ನಿಂತುಹೋದರೂ ಆ ಕೆಪಾಸಿಟರಿನ ಸಂಗ್ರಹದಿಂದ ಪೂರ್ಣ ಹೊರೆಯಲ್ಲಿ ಸುಮಾರು ಒಂದು ಆವರ್ತದಷ್ಟು ಕಾಲ, ಎಂದರೆ 16ರಿಂದ 20 ಮಿಲಿಸೆಕೆಂಡು, ಕೆಲಸ ನಡೆಯಬಹುದು. ಸಂಗ್ರಹದ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಸಾರವಾದದ್ದು; ಆದುದರಿಂದ ಮೊದಲೇ 190ರಲ್ಲಿ ನಿಂತಿರುವ ಹಳ್ಳಿಯಲ್ಲಿ ಅದು 230ರಲ್ಲಿರುವುದರ ಮೂರನೆಯ ಎರಡು ಪಾಲಿಗೆ ಇಳಿದಿರುತ್ತದೆ. ಅದು ಪೂರ್ತಿಯಾಗಿ ಬಳಕೆಗೆ ಬರತಕ್ಕದ್ದೂ ಅಲ್ಲ. ಮೇಲಾಗಿ ಇಂತಹ ಕೆಪಾಸಿಟರುಗಳು ಕಾವಿಗೆ ಬೇಗ ಮುಪ್ಪಾಗುವಂಥವು. ಹತ್ತು ಡಿಗ್ರಿ ಕಾವು ಏರಿದರೆ ಆಯುಷ್ಯ ಅರ್ಧವಾಗುವುದೆಂಬುದು ಈ ಕಸುಬಿನವರ ಸ್ಥೂಲ ಸೂತ್ರ. ಹೊಸದರಲ್ಲಿ ಕುಸಿತವನ್ನು ತಡೆದುಕೊಂಡ ಯಂತ್ರವು ನಾಲ್ಕು ವರ್ಷಗಳ ತರುವಾಯ ಅದೇ ಕುಸಿತಕ್ಕೆ ಮಣಿಯುವುದು ಇದರಿಂದಲೇ.

ಕುಸಿತಕ್ಕಿಂತಲೂ ಕುಸಿತದಿಂದ ಏಳುವ ಕ್ಷಣವು ಹೆಚ್ಚು ಅಪಾಯಕರವೆಂಬುದನ್ನು ಸಾಮಾನ್ಯರು ಅರಿಯರು. ಬರಿದಾದ ಕೆಪಾಸಿಟರು ವೋಲ್ಟೇಜು ಮರಳಿದೊಡನೆ ಒಮ್ಮೆಗೇ ತುಂಬಿಕೊಳ್ಳಲು ಹವಣಿಸಿ, ವಾಡಿಕೆಯ ಪ್ರಮಾಣದ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಇದನ್ನು ತಡೆಯಲೆಂದು ಬಹುತೇಕ ಪವರ್ ಸಪ್ಲೈಗಳ ದ್ವಾರದಲ್ಲಿ ಥರ್ಮಿಸ್ಟರ್ ಎಂಬ ಬಿಲ್ಲೆಯೊಂದನ್ನು ಇಟ್ಟಿರುತ್ತಾರೆ: ತಣ್ಣಗಿರುವಾಗ ಅದರ ನಿರೋಧ ಹೆಚ್ಚು, ಬಿಸಿಯಾದಾಗ ಕಡಮೆ. ಬೆಳಿಗ್ಗೆ ಯಂತ್ರವನ್ನು ಹಾಕುವಾಗ ಅದು ತಣ್ಣಗಿದ್ದು ನುಗ್ಗುವ ವಿದ್ಯುತ್ತನ್ನು ತಡೆಯುತ್ತದೆ. ಬಳಿಕ ಬಿಸಿಯಾಗಿ ದಾರಿ ಬಿಡುತ್ತದೆ. ಆದರೆ ಯಂತ್ರವು ಓಡುತ್ತಿರುವಾಗ ಕುಸಿತವೊದಗಿದರೆ ಆ ಬಿಲ್ಲೆ ತಣಿಯಲು ಅವಕಾಶವೆಲ್ಲಿದೆ? ಅದು ತಣಿಯಲು ಒಂದು ನಿಮಿಷದಷ್ಟಾದರೂ ಬೇಕು. ಕುಸಿತವು ಮುಗಿಯುವುದು ಸೆಕೆಂಡಿನ ಒಳಗೆ. ಮೇಲೆಂದ ಬ್ರೇಕರಿನ ಮರುಪ್ರಯತ್ನಗಳಿಂದ ಅಂತಹ ಕುಸಿತಗಳು ಒಂದರ ಹಿಂದೊಂದು ಬಂದಾಗ ಪ್ರತಿಯೊಂದು ಸಲವೂ ಕಾವಲಿಲ್ಲದ ಬಾಗಿಲಿನಿಂದ ವಿದ್ಯುತ್ತು ನುಗ್ಗಿ ಡಯೋಡುಗಳನ್ನೂ ಫ್ಯೂಸುಗಳನ್ನೂ ಪೀಡಿಸುತ್ತದೆ. ಒಂದು ದಿನ ಅವುಗಳಲ್ಲೊಂದು ಸುಡುತ್ತದೆ. ರಿಪೇರಿಯವನು ಬಿಚ್ಚಿನೋಡಿ, ಕರೆಂಟು ಜಾಸ್ತಿ ಬಂದು ಹೋಗಿದೆಯೆನ್ನುತ್ತಾನೆ. ಅವನು ಕಂಡದ್ದು ಸತ್ಯವೇ, ಆದರೆ ಆ ಅತಿರೇಕದ ಮೂಲವು ಕುಸಿತವೆಂಬುದು ಅವನಿಗೆ ತೋರುವುದಿಲ್ಲ.

ಮೋಟಾರುಗಳ ಕಥೆ ಬೇರೊಂದು ಬಗೆಯದು. ಇಂಡಕ್ಷನ್ ಮೋಟಾರಿನ ತಿರುಚುಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ವೋಲ್ಟೇಜು ಶೇಕಡಾ 70ಕ್ಕೆ ಇಳಿದರೆ ಬಲವು ಅರ್ಧಕ್ಕೂ ತುಸು ಕೆಳಗೆ ಇಳಿಯುತ್ತದೆ. ಫ್ರಿಜ್ಜಿನ ಕಂಪ್ರೆಸರು ಇಂತಹ ಹೊತ್ತಿನಲ್ಲಿ ನಿಂತುಹೋದರೆ, ಅದರ ಎರಡು ಕಡೆಗಳ ಒತ್ತಡವು ಸಮವಾಗುವವರೆಗೂ, ಎಂದರೆ ಸುಮಾರು ಮೂರು ನಿಮಿಷ, ಅದಕ್ಕೆ ಮತ್ತೆ ತಿರುಗುವ ಶಕ್ತಿ ಬರುವುದಿಲ್ಲ. ಆದರೆ ವೋಲ್ಟೇಜು ಮರುಕ್ಷಣವೇ ಮರಳಿರುತ್ತದೆ. ತಿರುಗಲಾರದ ಮೋಟಾರು ನಿಂತಲ್ಲೇ ಅತಿಯಾದ ವಿದ್ಯುತ್ತನ್ನೆಳೆದು ಕಾಯುತ್ತದೆ. ರಕ್ಷಕ ಸ್ವಿಚ್ಚು ಬಿಡಿಸಿದರೆ ಉಳಿಯಿತು, ಇಲ್ಲವಾದರೆ ಸುತ್ತುಗಳ ನಿರೋಧಕ ಲೇಪವು ಕರಗುತ್ತದೆ. ಕಾರ್ಖಾನೆಗಳಲ್ಲಿ ಮೋಟಾರಿಗೆ ಕರೆಂಟಿನ ಜೋಡಣೆಯನ್ನು ಹಿಡಿದಿಟ್ಟಿರುವ ಕಾಂಟ್ಯಾಕ್ಟರು ಸ್ವತಃ ಒಂದು ವಿದ್ಯುದಯಸ್ಕಾಂತವಾದುದರಿಂದ, ವೋಲ್ಟೇಜು ಸಾಮಾನ್ಯವಾಗಿ ಅರ್ಧದಷ್ಟಕ್ಕೆ ಇಳಿದೊಡನೆ, ಒಂದೆರಡು ಆವರ್ತಗಳಲ್ಲಿಯೇ, ಕೈಬಿಡುತ್ತದೆ. ಮೋಟಾರಿಗೆ ಆ ಕುಸಿತದಿಂದ ಯಾವ ಬಾಧೆಯೂ ಇರದಿದ್ದರೂ ಕೆಲವು ನೂರು ರೂಪಾಯಿಯ ಈ ಸುರುಳಿ ಇಡೀ ಸಾಲನ್ನು ನಿಲ್ಲಿಸಿಬಿಡುತ್ತದೆ. ಕುಸಿತವು ಅಂಚಿನಲ್ಲಿ ಓಲಾಡುತ್ತಿದ್ದರೆ ಇನ್ನೂ ಕೆಟ್ಟದ್ದು: ಕಾಂಟ್ಯಾಕ್ಟರು ಬಿಟ್ಟೂ ಹಿಡಿದೂ ಕಿಡಿಗಳನ್ನು ಹಾರಿಸಿ, ಅದರ ಲೋಹದ ಮುಖಗಳು ಒಂದಕ್ಕೊಂದು ಬೆಸೆದುಕೊಳ್ಳುವುದುಂಟು; ಬೆಸೆದುಕೊಂಡ ಮೇಲೆ ನಿಲ್ಲಿಸುವ ಗುಂಡಿಯೊತ್ತಿದರೂ ಮೋಟಾರು ನಿಲ್ಲದು.

ಈ ತತ್ತ್ವಗಳೆಲ್ಲವೂ ನಮ್ಮ ಜನರ ಬದುಕಿನಲ್ಲಿ ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತವೆಂಬುದೇ ಮುಖ್ಯ. ದೊಡ್ಡಬಳ್ಳಾಪುರದಲ್ಲಿಯೋ ರಬಕವಿ-ಬನಹಟ್ಟಿಯಲ್ಲಿಯೋ ಪವರ್‌ಲೂಮ್ ನಡೆಸುವ ನೇಕಾರನ ಮಗ್ಗವು ಕುಸಿತದಿಂದ ನಿಂತು ಮತ್ತೆ ಹೊರಟಾಗ, ನಿಂತ ಎಳೆಯ ಜಾಗದಲ್ಲಿ ಬಟ್ಟೆಯ ಅಡ್ಡಕ್ಕೆ ಒಂದು ಗೀರು ಉಳಿದುಬಿಡುತ್ತದೆ. ಕಣ್ಣಿಟ್ಟು ನೋಡುವ ವ್ಯಾಪಾರಿ ಅದನ್ನು ಕಂಡುಹಿಡಿದು ಬೆಲೆ ಇಳಿಸುತ್ತಾನೆ. ಮಗ್ಗಕ್ಕೆ ಎಲೆಕ್ಟ್ರಾನಿಕ್ ಜಕಾರ್ಡು ಕೂಡಿಸಿದ್ದರೆ ಅದರ ನಿಯಂತ್ರಕವು ವಿನ್ಯಾಸದ ಯಾವ ಸಾಲಿನಲ್ಲಿತ್ತೆಂಬುದನ್ನು ಮರೆತು, ನೇಯ್ದದ್ದನ್ನು ಬಿಚ್ಚಿ ಸಾಲು ಕೂಡಿಸುವ ಹೊರೆ ನೇಕಾರನ ಮೇಲೆ ಬೀಳುತ್ತದೆ. ಪೀಣ್ಯದ ಚಿಕ್ಕ ಶೆಡ್ಡೊಂದರಲ್ಲಿ ಸಾಲ ಮಾಡಿ ತಂದ ಸಿಎನ್‌ಸಿ ಯಂತ್ರವು ಉಕ್ಕನ್ನು ಕೊರೆಯುತ್ತಿರುವ ನಡುವೆ ಅದರ ಡ್ರೈವು ಕುಸಿತವನ್ನು ಗ್ರಹಿಸಿ ತಟಸ್ಥವಾದರೆ, ಮುರಿದ ಉಪಕರಣವೂ ಕೆಟ್ಟ ಬಿಡಿಭಾಗವೂ ಆ ಶೆಡ್ಡಿನ ಮಾಲೀಕನ ಪಾಲು. ಹಳ್ಳಿಯ ಹಾಲು ಉತ್ಪಾದಕರ ಸಂಘದ ಬಲ್ಕ್ ಕೂಲರಿನಲ್ಲಿ ಹಾಲನ್ನು ನಾಲ್ಕು ಡಿಗ್ರಿಗೆ ಇಳಿಸಬೇಕಾದ ಹೊತ್ತೂ ಊರಿನಲ್ಲಿ ವಿದ್ಯುತ್ತಿನ ಬಳಕೆ ಅತ್ಯಧಿಕವಾಗಿರುವ ಹೊತ್ತೂ ಒಂದೇ, ಸಾಯಂಕಾಲ. ಅಲ್ಲಿ ಕಂಪ್ರೆಸರು ಹತ್ತು ಸಲ ನಿಂತು, ಒಂದೊಂದು ಸಲವೂ ಮೂರು ಮೂರು ನಿಮಿಷ ಕಾದರೆ, ಅರ್ಧ ಗಂಟೆಯ ಕಾಲ ಬೆಚ್ಚಗಿನ ಹಾಲು ಬೆಚ್ಚಗೆಯೇ ಉಳಿಯಿತೆಂದಾಯಿತು.

ಆಸ್ಪತ್ರೆಗಳ ವಿಷಯದಲ್ಲಿ ನನ್ನ ಆತಂಕ ಇನ್ನೂ ಹೆಚ್ಚಿನದು. ಎಂಆರ್‌ಐ ಯಂತ್ರದ ಕಂಪ್ಯೂಟರುಗಳಿಗೆ ಯುಪಿಎಸ್ ಇದ್ದರೂ, ಅದರ ಅತಿವಾಹಕ ಅಯಸ್ಕಾಂತವನ್ನು ತಣ್ಣಗಿಡುವ ಹೀಲಿಯಮ್ ಕಂಪ್ರೆಸರು ಮತ್ತು ಚಿಲ್ಲರುಗಳು ಅನೇಕ ವೇಳೆ ನೇರವಾಗಿ ಹೊರಗಿನ ಕರೆಂಟಿನಿಂದಲೇ ನಡೆಯುತ್ತವೆ. ರಾತ್ರಿಯ ಕುಸಿತವೊಂದಕ್ಕೆ ಚಿಲ್ಲರಿನ ಕಾಂಟ್ಯಾಕ್ಟರು ಕೈಬಿಟ್ಟು, ಬೆಳಗಿನವರೆಗೆ ಅದನ್ನು ಯಾರೂ ಗಮನಿಸದೆ ಹೋದರೆ, ಬಹು ದುಬಾರಿಯಾದ ಹೀಲಿಯಮ್ ಆವಿಯಾಗತೊಡಗುತ್ತದೆ; ಮರುದಿನ ದೂರದ ಊರುಗಳಿಂದ ಸರದಿಗಾಗಿ ಬಂದ ರೋಗಿಗಳು ಹಿಂದಿರುಗಬೇಕಾಗುತ್ತದೆ.

ದೊಡ್ಡ ಪ್ರಮಾಣದಲ್ಲಿ ಇದರ ಬೆಲೆಯೇನೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಜಪಾನಿನ ಯೋಕ್ಕೈಚಿಯಲ್ಲಿ ನಡೆದ ಘಟನೆ. 2010ರ ಡಿಸೆಂಬರ್ 8ರ ಬೆಳಗಿನ ಜಾವ ಆ ಪ್ರದೇಶದಲ್ಲಿ 0.07 ಸೆಕೆಂಡಿನಷ್ಟು ಕಾಲ ವೋಲ್ಟೇಜು ಕುಸಿಯಿತು. ಎಂದರೆ ನಮ್ಮ ವಿದ್ಯುತ್ತಿನ ಲೆಕ್ಕದಲ್ಲಿ ಮೂರೂವರೆ ಆವರ್ತ. ಅಷ್ಟರಿಂದಲೇ ತೋಷಿಬಾ ಕಂಪನಿಯ ಮೆಮೊರಿ ಚಿಪ್ ಕಾರ್ಖಾನೆ ನಿಂತುಹೋಗಿ, ಮುಂದಿನ ಎರಡು ತಿಂಗಳುಗಳ ಸರಬರಾಜಿನಲ್ಲಿ ಶೇಕಡಾ 20ರವರೆಗೆ ಕೊರತೆಯಾಗಬಹುದೆಂದು ಕಂಪನಿಯೇ ಪ್ರಕಟಿಸಬೇಕಾಯಿತು. ವಿದ್ಯುತ್ತಿನ ಗುಣದಲ್ಲಿ ಮುಂಚೂಣಿಯಲ್ಲಿರುವ ದೇಶದಲ್ಲಿ, ರಕ್ಷಣಾವ್ಯವಸ್ಥೆಗಳಿಗೆ ಕೊರತೆಯಿಲ್ಲದ ಕಾರ್ಖಾನೆಯಲ್ಲಿ ಹೀಗಾಯಿತೆಂಬುದನ್ನು ನೆನೆದರೆ, ಚಿಪ್ಪುಗಳ ಕಾರ್ಖಾನೆಗಳನ್ನು ತಮ್ಮಲ್ಲಿಗೆ ಕರೆತರಲು ಪೈಪೋಟಿ ನಡೆಸುತ್ತಿರುವ ನಮ್ಮ ರಾಜ್ಯಗಳು ಭೂಮಿ, ನೀರು, ತೆರಿಗೆ ರಿಯಾಯಿತಿಗಳ ಜತೆಗೆ ಈ ವಿಷಯವನ್ನೂ ಪರ್ಯಾಲೋಚಿಸತಕ್ಕದ್ದು ಅತ್ಯಗತ್ಯವೆಂದು ತೋರುತ್ತದೆ. ಆದರೆ ಅಂತಹ ಕಾರ್ಖಾನೆಗೆ ತನ್ನದೇ ಸ್ಟೇಷನ್ನನ್ನು ಕಟ್ಟಿಕೊಳ್ಳುವ ಶಕ್ತಿಯುಂಟು. ಹಾಗೆ ಮಾಡಲಾರದ ನೇಕಾರನ ಪರವಾಗಿ ಮಾತಾಡುವುದು ನನಗೆ ಹೆಚ್ಚು ಮುಖ್ಯ.

ಅವನಿಗೆ ಎಲ್ಲರೂ ಕೊಡುವ ಸಲಹೆ ಸ್ಟೆಬಿಲೈಸರ್ ಹಾಕಿಸು ಎಂಬುದು. ಸಲಹೆ ಸದುದ್ದೇಶದ್ದೇ, ಗಂಟೆಗಟ್ಟಲೆಯ ಲೋ ವೋಲ್ಟೇಜಿಗೆ ಅದು ತಕ್ಕ ಮದ್ದೂ ಹೌದು. ಆದರೆ ಸರ್ವೋ ಮಾದರಿಯ ಸ್ಟೆಬಿಲೈಸರು ತನ್ನ ಕುಂಚವನ್ನು ತಿರುಗಿಸಿ ವೋಲ್ಟೇಜನ್ನು ಸರಿಪಡಿಸುವ ಹೊತ್ತಿಗೆ ಸೆಕೆಂಡಿನ ಒಳಗಣ ಕುಸಿತವು ಬಂದು ಹೋಗಿಯೇ ಬಿಟ್ಟಿರುತ್ತದೆ. ಕುಸಿತವು ತುಸು ದೀರ್ಘವಾಗಿದ್ದು ಅದು ವೋಲ್ಟೇಜನ್ನು ಏರಿಸಿದ್ದೇ ಆದರೆ, ಹೊರಗಿನ ವೋಲ್ಟೇಜು ಮರಳಿದ ಕ್ಷಣದಲ್ಲಿ ಏರಿಸಿದ್ದರ ಮೇಲೆ ಏರಿಕೆಯಾಗಿ ಉಪಕರಣದ ಪಾಲಿಗೆ ಅತಿಯಾದ ವೋಲ್ಟೇಜು ಬೀಳುತ್ತದೆ. ಕುಸಿತಕ್ಕೆ ನಿಜವಾಗಿ ಮದ್ದೆಂದರೆ ಬ್ಯಾಟರಿಯು ಸದಾ ಜೋಡಣೆಯಲ್ಲಿಯೇ ಇರುವ ಆನ್‌ಲೈನ್ ಯುಪಿಎಸ್. ಇಡೀ ಮಗ್ಗದ ಶೆಡ್ಡಿಗೆ ಅದನ್ನು ಕೊಳ್ಳುವ ಶಕ್ತಿ ಎಷ್ಟು ಜನಕ್ಕುಂಟು? ಅದಕ್ಕಿಂತ ಸುಲಭವಾದ ಉಪಾಯಗಳು ಇಲ್ಲದಿಲ್ಲ. ಕಾಂಟ್ಯಾಕ್ಟರಿನ ಸುರುಳಿಯೊಂದನ್ನು ಮಾತ್ರ ಕ್ಷಣಕಾಲ ಹಿಡಿದುನಿಲ್ಲಿಸುವ ಚಿಕ್ಕ ಸಾಧನಗಳಿವೆ. ಅನೇಕ ಡ್ರೈವುಗಳಲ್ಲಿ, ಕುಸಿತವೊದಗಿದಾಗ ಮೋಟಾರಿನ ಚಲನೆಯ ಶಕ್ತಿಯನ್ನೇ ಹಿಂದಕ್ಕೆ ಪಡೆದು ಬದುಕಿಕೊಳ್ಳುವ, ಅಥವಾ ತಿರುಗುತ್ತಿರುವ ಮೋಟಾರನ್ನು ಹಾಗೆಯೇ ಹಿಡಿದು ಮುನ್ನಡೆಸುವ ಸೌಕರ್ಯವು ಕಾರ್ಖಾನೆಯಿಂದಲೇ ಬಂದಿರುತ್ತದೆ. ಸ್ಥಾಪಿಸಿದವರು ಅದನ್ನು ಚಾಲನೆಗೆ ತಂದಿರುವುದಿಲ್ಲ, ಅಷ್ಟೆ. ಶೆಡ್ಡಿನ ಮಾಲೀಕನು ಈ ಒಂದು ಪ್ರಶ್ನೆಯನ್ನು ಮಾರಿದವರನ್ನು ಕೇಳಿದರೆ ಕಾಸಿನ ಖರ್ಚಿಲ್ಲದೆ ಬಹಳಷ್ಟು ನಷ್ಟವು ತಪ್ಪಬಹುದು.

ಆದರೂ ಎಲ್ಲ ಹೊರೆಯನ್ನೂ ಗ್ರಾಹಕನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ವಿತರಣಾ ಕಂಪನಿಗಳ ಎಂಜಿನಿಯರುಗಳು ಇದಕ್ಕೆ ಹೇಳುವ ಉತ್ತರವನ್ನು ನಾನು ಬಲ್ಲೆ: ತಂತಿಗಳು ಬಯಲಿನಲ್ಲಿ ಹಾಯುತ್ತವೆ, ಗಾಳಿ ಸಿಡಿಲುಗಳನ್ನು ತಡೆಯುವವರಾರು, ಕುಸಿತವನ್ನು ಸಂಪೂರ್ಣವಾಗಿ ನಿವಾರಿಸಿದ ದೇಶವು ಜಗತ್ತಿನಲ್ಲಿ ಯಾವುದಿದೆ ಎಂದು. ಉತ್ತರವು ಸಾಧುವಾದದ್ದು. ಮಳೆಗಾಲದ ನಡುರಾತ್ರಿಯಲ್ಲಿ ಕಂಬವೇರುವ ಪವರ್‌ಮ್ಯಾನುಗಳ ಶ್ರಮವನ್ನು ಬಲ್ಲವರಾರೂ ಅವರನ್ನು ಹಗುರವಾಗಿ ನಿಂದಿಸಲಾರರು. ನಿವಾರಿಸಲಾಗದ್ದನ್ನು ನಿವಾರಿಸಿರೆಂದು ಯಾರೂ ಕೇಳುತ್ತಿಲ್ಲ. ಅಳೆಯಬಹುದಾದದ್ದನ್ನು ಅಳೆಯಿರೆಂದು ಕೇಳುವುದಷ್ಟೆ. ಇಂದು ಕಂಪನಿಗಳ ಕಾರ್ಯದಕ್ಷತೆಯನ್ನು ಅಳೆಯುವ ಸೈಫಿ, ಸೈಡಿ ಎಂಬ ಸೂಚ್ಯಂಕಗಳು ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ಸಲ, ಎಷ್ಟು ಹೊತ್ತು ಕಡಿತವಾಯಿತೆಂಬುದನ್ನು ಹೇಳುತ್ತವೆ. ಕುಸಿತವು ಕಡಿತವಲ್ಲವಾದುದರಿಂದ ಅವುಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಸ್ಟೇಷನ್ನಿನ ಮೀಟರು 15 ನಿಮಿಷಗಳ ಸರಾಸರಿಯನ್ನು ಬರೆದಿಡುತ್ತದೆ. 900 ಸೆಕೆಂಡುಗಳ ಆ ಸರಾಸರಿಯಲ್ಲಿ ಸೆಕೆಂಡಿನ ಐದನೆಯ ಒಂದಂಶದ ಕುಸಿತವು ಸುಳಿವಿಲ್ಲದೆ ಕರಗಿಹೋಗುತ್ತದೆ. ಆದರೆ ಅದೇ ಸ್ಟೇಷನ್ನಿನಲ್ಲಿ ಇತ್ತೀಚೆಗೆ ಅಳವಡಿಸಿರುವ ನ್ಯೂಮರಿಕಲ್ ರಿಲೇಗಳಲ್ಲಿ ದೋಷಕಾಲದ ವಿದ್ಯುತ್ತು, ವೋಲ್ಟೇಜುಗಳ ಅಲೆಯ ರೂಪವನ್ನು ದಾಖಲಿಸುವ ಸಾಮರ್ಥ್ಯವು ಬಹುಮಟ್ಟಿಗೆ ಇದ್ದೇ ಇದೆ. ಅವುಗಳನ್ನು ಕ್ರಮವಾಗಿ ತೆಗೆದು, ಯಾವ ಸ್ಟೇಷನ್ನಿನಲ್ಲಿ ತಿಂಗಳಿಗೆ ಎಷ್ಟು ಕುಸಿತ, ಎಷ್ಟು ಆಳ, ಎಷ್ಟು ಹೊತ್ತು ಎಂದು ಒಂದು ಪಟ್ಟಿಯನ್ನು ಮಾಡುವುದಕ್ಕೆ ಅಪಾರವಾದ ಹಣವೇನೂ ಬೇಕಾಗಿಲ್ಲ. ಪಟ್ಟಿಯು ಕೈಗೆ ಬಂದರೆ, ಯಾವ ಮಾರ್ಗದ ಕೊಂಬೆಗಳನ್ನು ಮೊದಲು ಕಡಿಯಬೇಕು, ಎಲ್ಲಿ ಬರಿತಂತಿಯನ್ನು ತೆಗೆದು ಹೊದಿಕೆಯ ಕೇಬಲ್ಲನ್ನು ಹಾಕಬೇಕು, ಯಾವ ರಿಲೇಯ ಕಾಲವನ್ನು ತಗ್ಗಿಸಬಹುದು, ಯಾವ ಊರಿನ ಪಂಪ್‌ಸೆಟ್ಟುಗಳ ಆಟೋ ಸ್ಟಾರ್ಟರುಗಳಿಗೆ ಒಂದೊಂದಕ್ಕೆ ಬೇರೆಬೇರೆ ವಿಳಂಬವನ್ನು ಕಲ್ಪಿಸಿ ಅವು ಸರದಿಯಂತೆ ಹೊರಡುವ ಹಾಗೆ ಮಾಡಬೇಕೆಂಬುದೆಲ್ಲವೂ ಊಹೆಯ ಮಾತಾಗಿ ಉಳಿಯದೆ ಲೆಕ್ಕದ ಮಾತಾಗುತ್ತದೆ.

ಉಪಕರಣಗಳನ್ನು ಮಾಡುವವರಿಗೂ ಹೇಳತಕ್ಕದ್ದಿದೆ. ಚಿಪ್ಪುಗಳ ಉದ್ಯಮದವರು ತಮ್ಮ ಯಂತ್ರಗಳಿಗೆ ತಾವೇ ಒಂದು ನಿಯಮವನ್ನು ಹಾಕಿಕೊಂಡಿದ್ದಾರೆ: ವೋಲ್ಟೇಜು ಅರ್ಧಕ್ಕಿಳಿದರೂ 0.2 ಸೆಕೆಂಡು, ಶೇಕಡಾ 70ಕ್ಕಿಳಿದರೆ ಅರ್ಧ ಸೆಕೆಂಡು ಯಂತ್ರವು ನಿಲ್ಲದೆ ನಡೆಯತಕ್ಕದ್ದು ಎಂದು. ಕಂಪ್ಯೂಟರು ತಯಾರಕರ ಸಂಘದ ವಕ್ರರೇಖೆಯು ವೋಲ್ಟೇಜು ಪೂರ್ತಿಯಾಗಿ ಇಲ್ಲವಾದರೂ 20 ಮಿಲಿಸೆಕೆಂಡು ಬದುಕಿರಬೇಕೆನ್ನುತ್ತದೆ. ನಮ್ಮಲ್ಲಿ 2006ರಿಂದ ಉಪಕರಣಗಳಿಗೆ ಸ್ಟಾರ್ ಚೀಟಿಯನ್ನು ಅಂಟಿಸುವ ಪದ್ಧತಿ ಬಂದು, ಫ್ರಿಜ್ಜು ವರ್ಷಕ್ಕೆ ಎಷ್ಟು ಯೂನಿಟ್ಟು ಉಣ್ಣುತ್ತದೆಂಬುದನ್ನು ಓದುಬಲ್ಲವರೆಲ್ಲರೂ ಅಂಗಡಿಯಲ್ಲಿಯೇ ತಿಳಿಯುವಂತಾಗಿದೆ. ಅದೇ ಚೀಟಿಯ ಮೂಲೆಯಲ್ಲಿ, ಈ ಯಂತ್ರವು ಎಷ್ಟು ಆಳದ ಕುಸಿತವನ್ನು ಎಷ್ಟು ಹೊತ್ತು ತಾಳಬಲ್ಲದೆಂಬ ಒಂದು ಸಾಲನ್ನು ಏಕೆ ಸೇರಿಸಬಾರದು? ಇದನ್ನು ಪರೀಕ್ಷಿಸುವ ವಿಧಾನಗಳು ಅಂತರರಾಷ್ಟ್ರೀಯ ಮಾನಕಗಳಲ್ಲಿ ಸಿದ್ಧವಾಗಿವೆ. ವಿದ್ಯುದುಪಕರಣಗಳ ಪರೀಕ್ಷೆಯಲ್ಲಿ ದೀರ್ಘಕಾಲದ ಪರಿಶ್ರಮವಿರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಕಾನೂನಿನ ಬಾಗಿಲೂ ಮುಚ್ಚಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೆಯ ಕಲಮು ವಿತರಣೆಯ ಕಾರ್ಯಮಾನಕಗಳನ್ನು ನಿಗದಿಗೊಳಿಸುವ ಅಧಿಕಾರವನ್ನು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಕೊಟ್ಟಿದೆ. ಅವು ಪಾಲನೆಯಾಗದಿದ್ದರೆ ಗ್ರಾಹಕನಿಗೆ ಪರಿಹಾರವನ್ನೂ ವಿಧಿಸಿದೆ. ಭಾರತೀಯ ಮಾನಕ ಸಂಸ್ಥೆಯು ವಿತರಣಾಜಾಲದ ವೋಲ್ಟೇಜಿನ ಗುಣದ ಬಗೆಗೆ ಐ.ಎಸ್. 17036 ಎಂಬ ಮಾನಕವನ್ನು 2018ರಲ್ಲಿ ಹೊರಡಿಸಿದೆ. ಪರಿಹಾರದ ಮಾತನ್ನು ಸದ್ಯಕ್ಕೆ ಬದಿಗಿಡೋಣ. ಲೆಕ್ಕವೇ ಇಲ್ಲದಿರುವಾಗ ಪರಿಹಾರವನ್ನು ಯಾವ ಆಧಾರದ ಮೇಲೆ ಕೇಳುವುದು? ದರ ಪರಿಷ್ಕರಣೆಗೆ ಮುನ್ನ ಆಯೋಗವು ಸಾರ್ವಜನಿಕ ಅಹವಾಲುಗಳನ್ನು ಕೇಳುವ ಪದ್ಧತಿಯುಂಟು. ದರ ಏರಿಸಬೇಡಿರೆಂದು ಹೇಳಲು ಅಲ್ಲಿಗೆ ಹೋಗುವ ನೇಕಾರರ ಸಂಘಗಳೂ, ಸಣ್ಣ ಕೈಗಾರಿಕೆಗಳ ಸಂಘಗಳೂ, ಹಾಲು ಉತ್ಪಾದಕರ ಒಕ್ಕೂಟಗಳೂ, ಆಸ್ಪತ್ರೆಗಳ ಆಡಳಿತದವರೂ ಈ ಸಲ ಇನ್ನೊಂದು ಬೇಡಿಕೆಯನ್ನು ಲಿಖಿತವಾಗಿ ಮುಂದಿಡಲಿ: ಪ್ರತಿಯೊಂದು ಸಬ್‌ಸ್ಟೇಷನ್ನಿನ ಕುಸಿತಗಳ ಪಟ್ಟಿಯನ್ನು, ಅವುಗಳ ಆಳ ಅವಧಿಗಳ ಸಮೇತ, ವಿತರಣಾ ಕಂಪನಿಗಳು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸತಕ್ಕದ್ದು.